ಜಪಾನಿನ ಹಳ್ಳಿಗೆ ನಮ್ಮ ಮಗಳು ಇಂಗ್ಲಿಷ್ ಮೇಡಂ

ನಾನು ಚಳ್ಳಕೆರೆ ತಾಲ್ಲೂಕಿನ ಒಣಬೇಸಾಯದ ರೈತ. ಒಂಬತ್ತು ಎಕರೆ ಕೆಂಪು ನೆಲ. ಶೇಂಗಾ, ತೊಗರಿ, ಸ್ವಲ್ಪ ಸಜ್ಜೆ. ಬೋರು ಎರಡು ಕೊರೆಸಿದೆ, ಎರಡೂ ಒಣಗಿದವು. ಓದಿದ್ದು ಏಳನೇ ಕ್ಲಾಸು. ಇಂಥ ನಾನು 2025ರ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ದಿನ ಜಪಾನಿನ ಹಳ್ಳಿಯೊಂದರಲ್ಲಿ ಇದ್ದು ಬಂದೆ. ಮಗಳು ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ.

ಊರಿನವರೆಲ್ಲ ಬುಲೆಟ್ ರೈಲಿನ ಬಗ್ಗೆ ಕೇಳ್ತಾರೆ. ನಾನು ಬರೆಯಹೊರಟಿದ್ದು ಅದಲ್ಲ. ಮಗಳು ಅಲ್ಲಿ ಹೇಗೆ ನೆಲೆ ನಿಂತಳು, ನಾನು ಹೇಳಿದ ಒಂದು ಮಾತು ಅವಳಿಗೆ ಹೇಗೆ ಮುಳುವಾಯಿತು ಅನ್ನುವುದನ್ನು ಬರೆಯುತ್ತೇನೆ. ಮಕ್ಕಳನ್ನು ದೂರದ ಊರಿಗೆ ಕಳಿಸುವ ರೈತರು ನಮ್ಮಲ್ಲೂ ಹೆಚ್ಚಾಗುತ್ತಿದ್ದಾರೆ. ಯಾರಿಗಾದರೂ ಉಪಯೋಗವಾದೀತು.

ಕೆಲಸ ಸಿಕ್ಕಿದ ಬಗೆ

ಮಗಳನ್ನು ಒಂದನೇ ಕ್ಲಾಸಿನಿಂದಲೇ ಚಿತ್ರದುರ್ಗದಲ್ಲಿ ನನ್ನ ತಂಗಿ ಮನೆಯಲ್ಲಿ ಬಿಟ್ಟು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿಸಿದೆವು. ಬಿ.ಎ., ಬಿ.ಎಡ್. ಆಯಿತು. ಬೆಂಗಳೂರಿನಲ್ಲಿ ಖಾಸಗಿ ಶಾಲೆಯಲ್ಲಿದ್ದಾಗ ಸಂಜೆ ಹೊತ್ತು ಜಪಾನಿ ಭಾಷೆ ಕಲಿತಳು.

ಜಪಾನ್ ಸರ್ಕಾರ 1987ರಲ್ಲಿ ಜೆಟ್ ಅಂತ ಒಂದು ಯೋಜನೆ ಶುರು ಮಾಡಿ, ಹೊರದೇಶದ ಯುವಕ ಯುವತಿಯರನ್ನು ಇಂಗ್ಲಿಷ್ ಕಲಿಸಲು ಹಳ್ಳಿ ಶಾಲೆಗಳಿಗೂ ಕರೆಸಿಕೊಂಡು ಬಂದಿದೆ. 2020ರಿಂದ ಅಲ್ಲಿ ಐದು, ಆರನೇ ಕ್ಲಾಸಿಗೂ ಇಂಗ್ಲಿಷ್ ಒಂದು ವಿಷಯವೇ ಆಗಿದೆ. ಆ ಯೋಜನೆ ಅಲ್ಲದೆ, ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಕಂಪನಿಗಳೂ ಇವೆ. ನಮ್ಮವಳು ಹೋಗಿದ್ದು ಅಂಥ ಒಂದು ಕಂಪನಿ ಮೂಲಕ. ಇಂಗ್ಲಿಷ್ ತಾಯಿನುಡಿ ಅಲ್ಲದವರು ಹನ್ನೆರಡು ವರ್ಷ ಇಂಗ್ಲಿಷಿನಲ್ಲೇ ಓದಿದ್ದಕ್ಕೆ ದಾಖಲೆ ಕೊಡಬೇಕು, ಡಿಗ್ರಿ ಇರಬೇಕು. ಒಂದನೇ ಕ್ಲಾಸಿನ ಸರ್ಟಿಫಿಕೇಟಿಗೆ ತಂಗಿ ಮೂರು ಸಲ ಶಾಲೆಗೆ ಅಲೆದಳು.

ಸಂಬಳ ತಿಂಗಳಿಗೆ 2,20,000 ಯೆನ್. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷ ರೂಪಾಯಿ ಹತ್ತಿರ. ಆದರೆ ಮನೆ ಬಾಡಿಗೆ, ಅಡ್ವಾನ್ಸು, ಹಳೇ ಕಾರು, ಮೊದಲ ತಿಂಗಳ ಊಟ ಎಲ್ಲಾ ಕೈಯಿಂದ. ಅದಕ್ಕೆ, ಟಿಕೆಟ್ಟಿಗೆ ಅಂತ ನಮ್ಮ ಮನೆಯವರ ಬಂಗಾರ ಅಡವಿಟ್ಟೆ. 2024ರ ಮಾರ್ಚಿನಲ್ಲಿ ಹೊರಟಳು. ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್ಲಿನಲ್ಲಿ.

ಹಂಗು ಬೇಡ ಅಂದೆ

ಊರು ನೀಗಾಟ ಪ್ರಾಂತ್ಯದ ತೋಕಮಾಚಿ ಕಡೆಯ ಗುಡ್ಡದಲ್ಲಿ. ತೋಕಿಯೋದಿಂದ ಬುಲೆಟ್ ರೈಲು 22 ಕಿಲೋಮೀಟರಿನ ಒಂದು ಸುರಂಗ ದಾಟಿ ಎಚಿಗೊ ಯುಜಾವಕ್ಕೆ ಬರುತ್ತದೆ. ಅಲ್ಲಿಂದ ಚಿಕ್ಕ ರೈಲು. ಗುಡ್ಡದ ಮೈಗೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಒಂದೇ ಬೆಳೆ, ಭತ್ತ. ಕಂಪನಿಯವರು ಬೀಗದ ಕೈ ಕೊಟ್ಟು ಹೊರಟುಹೋದರು. ಹಳೇ ರೈತರ ಮನೆ ಅದು, ಮಕ್ಕಳು ಪಟ್ಟಣಕ್ಕೆ ಹೋಗಿ ಖಾಲಿ ಬಿದ್ದಿತ್ತು.

ಕಸ ಹಾಕುವುದೂ ಅಲ್ಲಿ ಒಂದು ಪರೀಕ್ಷೆ. ಸುಡುವ ಕಸ, ಪ್ಲಾಸ್ಟಿಕ್, ಬಾಟಲಿ, ಡಬ್ಬ, ಒಂದೊಂದಕ್ಕೆ ಒಂದೊಂದು ವಾರ. ನಗರಸಭೆಯದೇ ಚೀಲ ಕೊಂಡು ಅದರಲ್ಲೇ ಹಾಕಬೇಕು. ಮೊದಲ ವಾರ ಇವಳ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗಿದ್ದರು. ಪಕ್ಕದ ಮನೆಯ ಅಜ್ಜಿ ಅದನ್ನು ಹೊತ್ತು ತಂದು, ನೆಲದ ಮೇಲೆ ಸುರಿದು, ಒಂದೊಂದೇ ಬೇರೆ ಮಾಡಿ ತೋರಿಸಿದರಂತೆ.

ಜೂನಿನಲ್ಲಿ ಮಗಳು ಫೋನ್ ಮಾಡಿದಳು. "ಅಪ್ಪ, ಬಾಗಿಲ ಮುಂದೆ ಯಾರೋ ಒಂದು ಚೀಲ ಸೌತೇಕಾಯಿ ಇಟ್ಟು ಹೋಗಿದಾರೆ. ಏನ್ ಮಾಡ್ಲಿ?"

"ಯಾರ್ದು ಅಂತ ತಿಳ್ಕೊಂಡು ವಾಪಸ್ ಕೊಟ್ಟು ಬಾರವ್ವ. ಹೊಸಾ ಊರು, ಯಾರ ಹಂಗಿಗೂ ಬೀಳಬೇಡ" ಅಂದೆ.

ಈ ಮಾತು ನನ್ನ ಬಾಯಿಗೆ ಬರಲು ಕಾರಣ ಇದೆ. ಎರಡನೇ ಬೋರು ಫೇಲಾದ ವರ್ಷ ಕೈಸಾಲ ಮಾಡಿದ್ದೆ. ಕೊಟ್ಟವರು ಸಂತೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವತ್ತಿನಿಂದ ಹಂಗು ಅಂದರೆ ನನಗೆ ಮೈ ಉರಿಯುತ್ತದೆ.

ಮಗಳು ನನ್ನ ಮಾತು ಕೇಳಿದಳು. ಸೌತೇಕಾಯಿ ಅಜ್ಜಿಗೆ ಹಿಂದಿರುಗಿಸಿದಳು. ವಾರ ಬಿಟ್ಟು ಬದನೆಕಾಯಿ ಬಂತು, ಅದನ್ನೂ ತಲೆ ಬಗ್ಗಿಸಿ ವಾಪಸ್ ಕೊಟ್ಟಳು. ಆಮೇಲೆ ಯಾರೂ ಏನೂ ಇಡಲಿಲ್ಲ. ಎದುರು ಸಿಕ್ಕರೆ ನಮಸ್ಕಾರ, ಅಷ್ಟೇ. ಜನ ಸರಿ ಇಲ್ಲ ಅಂತ ಇವಳು, ಇರಲಿ ಬಿಡು ಅಂತ ನಾನು.

ಹಿಮ

ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಎಣಿಸುತ್ತೇವೆ. ಅಲ್ಲಿ ಹಿಮವನ್ನು ಮೀಟರಿನಲ್ಲಿ ಎಣಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಆ ಸೀಮೆಯಲ್ಲಿ ಆಳೆತ್ತರ ಮೀರಿ ಬಿತ್ತು. ಮನೆಯೊಳಗೆ ಸೀಮೆಎಣ್ಣೆ ಒಲೆ ಇರುವ ಕೋಣೆ ಮಾತ್ರ ಬೆಚ್ಚಗೆ. ಇನ್ನೊಂದು, ಅಡಿಗೆ ಹೀಟರ್ ಇರುವ ಗಿಡ್ಡ ಮೇಜು. ಅದರ ಮೇಲೆ ರಜಾಯಿ ಹೊದಿಸಿ ಕಾಲು ಒಳಗಿಟ್ಟು ಕೂರಬೇಕು. ಸೂರಿನ ಹಿಮ ಆಗಾಗ ತೆಗೆಯದಿದ್ದರೆ ಭಾರಕ್ಕೆ ಮನೆ ಕುಸಿಯುತ್ತದೆ. ತೆಗೆಯಲು ಹತ್ತಿ ಬಿದ್ದು ಸಾಯುವ ಮುದುಕರು ಪ್ರತಿ ವರ್ಷ ಇರುತ್ತಾರೆ.

ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಮಗಳು ಕಿಟಕಿಯಿಂದ ಇಳಿದು, ಎರಡು ಗಂಟೆ ಸಲಿಕೆ ಹಿಡಿದು ದಾರಿ ಮಾಡಿ, ತಡವಾಗಿ ಶಾಲೆಗೆ ಹೋದಳು. ಆ ರಾತ್ರಿ ಫೋನಿನಲ್ಲಿ ಅತ್ತಳು. "ಅಪ್ಪ, ನಾನು ಬಂದ್ಬಿಡ್ತೀನಿ." ಬಂಗಾರ ಇನ್ನೂ ಬ್ಯಾಂಕಿನಲ್ಲಿತ್ತು. "ಯುಗಾದಿ ತನಕ ನೋಡವ್ವ" ಅಂದೆ. ಅವರವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಶಾಲೆಯ ಆಫೀಸಿನಲ್ಲಿರುವ ಒಬ್ಬ ಹೆಂಗಸು ಇವಳ ಮುಖ ನೋಡಿ ವಿಚಾರಿಸಿದರಂತೆ. ಸೌತೇಕಾಯಿ ಕಥೆ ಕೇಳಿ ಅವರು ಹೇಳಿದ್ದಿಷ್ಟು: ಬೆಳೆದದ್ದು ಹೆಚ್ಚಾದರೆ ಇಲ್ಲಿ ನಾಲ್ಕು ಮನೆಗೆ ಹಂಚುತ್ತೇವೆ. ವಾಪಸ್ ಕೊಟ್ಟರೆ ನನ್ನ ಬಾಗಿಲಿಗೆ ಬರಬೇಡ ಅಂದಹಾಗೆ.

ಮಗಳು ಇದನ್ನು ಹೇಳಿದಾಗ ನಾನು ತಲೆ ತಗ್ಗಿಸಿದೆ. ನಮ್ಮ ಊರಲ್ಲಿ ಬೇರೆ ಏನಿದೆ? ಮಜ್ಜಿಗೆ ಕೊಟ್ಟ ಚೆಂಬನ್ನು ನಾವು ಬರಿದು ಕಳಿಸುವುದಿಲ್ಲ. ನಾಲ್ಕು ಮೆಣಸಿನಕಾಯಿ ಆದರೂ ಹಾಕಿ ಕಳಿಸುತ್ತೇವೆ. ಸಾಲ ಬೇರೆ, ಕೊಡುಕೊಳ್ಳು ಬೇರೆ. ಬಾಲ್ಯದಿಂದ ಪಟ್ಟಣದಲ್ಲಿ ಬೆಳೆದ ಮಗಳಿಗೆ ಇದು ಗೊತ್ತಿಲ್ಲದಿರಬಹುದು. ಗೊತ್ತಿದ್ದ ನಾನೇ ತಪ್ಪು ಹೇಳಿಕೊಟ್ಟೆ.

ಅವರವ್ವ ಕಟ್ಟಿ ಕಳಿಸಿದ್ದ ಶೇಂಗಾ ಉಂಡೆ ಇತ್ತು, ನಮ್ಮ ಹೊಲದ ಶೇಂಗಾದ್ದೇ. ಡಬ್ಬಿಯಲ್ಲಿ ಹಾಕಿ ಅಜ್ಜಿ ಮನೆಗೆ ಕೊಟ್ಟು ಬಂದಳು. ಮಾರನೇ ದಿನ ಏನೂ ಆಗಲಿಲ್ಲ. ಐದಾರು ದಿನ ಬಿಟ್ಟು ಡಬ್ಬಿ ವಾಪಸ್ ಬಂತು, ಒಳಗೆ ಮೂಲಂಗಿ ಉಪ್ಪಿನಕಾಯಿ. ಮುಂದಿನ ಹಿಮಕ್ಕೆ ಅಜ್ಜ ತಮ್ಮ ಹಿಮ ತಳ್ಳುವ ಯಂತ್ರವನ್ನು ಇವಳ ಬಾಗಿಲ ತನಕ ಓಡಿಸಿದರು. ಯುಗಾದಿ ಬಂತು, ಮಗಳು ಬರಲಿಲ್ಲ.

ನಾನು ಕಂಡಿದ್ದು

ನಾನು ಹೋದದ್ದು ಭತ್ತದ ಕೊಯ್ಲಿಗೆ. ಅಜ್ಜನಿಗೆ 81, ಅಜ್ಜಿಗೆ 78. ಮಕ್ಕಳು ತೋಕಿಯೋದಲ್ಲಿ. ಜಮೀನು ಆರು ತಾನ್. ಒಂದು ತಾನ್ ಅಂದರೆ ನಮ್ಮ ಹತ್ತು ಗುಂಟೆ ಹತ್ತಿರ, ಒಟ್ಟು ಒಂದೂವರೆ ಎಕರೆ. ದೊಡ್ಡ ತಾಕಿಗೆ ಯಂತ್ರ, ಮೂಲೆಗಳಿಗೆ ಕುಡುಗೋಲು. ಮನೆಗೆ ಬೇಕಾದ ಭತ್ತವನ್ನು ಸಿವುಡು ಕಟ್ಟಿ, ಮರದ ಗಳಗಳ ಮೇಲೆ ತಲೆಕೆಳಗಾಗಿ ನೇತುಹಾಕಿ ಒಣಗಿಸುತ್ತಾರೆ. ನಾನೂ ನಾಲ್ಕು ದಿನ ಕೊಯ್ದೆ. ಮಾತು ಒಂದೂ ತಿಳಿಯದು, ಕೆಲಸಕ್ಕೆ ಮಾತು ಬೇಕಾಗಲಿಲ್ಲ.

ಅಷ್ಟು ಹಿಮ ಬೀಳುವ ಆ ಊರಿಗೆ 2025ರ ಜುಲೈನಲ್ಲಿ ಮಳೆ ಕೈಕೊಟ್ಟಿತ್ತು. ಅಜ್ಜ ಮೇಲಿನ ತಾಕಿಗೆ ಕರೆದೊಯ್ದು ಬಿರುಕು ತೋರಿಸಿದರು. ಮುಷ್ಟಿ ಒಳಗೆ ಹೋಗುತ್ತಿತ್ತು. ನನ್ನ ಹೊಲದ ಫೋಟೋ ತೋರಿಸಿದೆ. ಇಬ್ಬರೂ ಸುಮ್ಮನೆ ನಿಂತೆವು. ಆ ವರ್ಷ ಅಲ್ಲಿ ಅಕ್ಕಿ ಬೆಲೆ ದುಪ್ಪಟ್ಟಾಗಿ ಐದು ಕಿಲೋಗೆ ನಾಲ್ಕು ಸಾವಿರ ಯೆನ್ ದಾಟಿತ್ತು. ಬೆಲೆ ಬಂದಾಗ ಬೆಳೆ ಇಲ್ಲ, ಇದು ಎಲ್ಲಾ ಕಡೆ ಒಂದೇ.

ರಸ್ತೆ ನಡುವೆ ಸಣ್ಣ ಸಣ್ಣ ನಳಿಕೆ, ಸುತ್ತ ಕೆಂಪು ಕಲೆ. ಕೇಳಿದರೆ, ಚಳಿಗಾಲದಲ್ಲಿ ಅಂತರ್ಜಲ ಎತ್ತಿ ರಸ್ತೆಗೆ ಚಿಮ್ಮಿಸಿ ಹಿಮ ಕರಗಿಸುತ್ತಾರಂತೆ. ಕಲೆ ನೀರಿನ ಕಬ್ಬಿಣದ್ದು. ಹೊಟ್ಟೆ ಚುರುಕ್ ಅಂತು. ಆದರೆ ಹೀಗೆ ಎತ್ತಿ ಎತ್ತಿ ಆ ಪ್ರಾಂತ್ಯದ ಕೆಲವು ಕಡೆ ನೆಲವೇ ಕುಸಿದಿದೆ.

ರೈತರು ಗಮನಿಸಬೇಕಾದ್ದು ಅಲ್ಲಿನ ಮಾರಾಟ. ರಸ್ತೆ ಬದಿಯ ತಗಡಿನ ಗೂಡಿನಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಕಾಸಿನ ಡಬ್ಬಿ. ಚೀಲಕ್ಕೆ ನೂರು ಯೆನ್. ಕಾಯುವವರಿಲ್ಲ. ದೊಡ್ಡ ರಸ್ತೆಗಳಲ್ಲಿ ಮಿಚಿ ನೋ ಎಕಿ ಅನ್ನುವ ತಂಗುದಾಣಗಳು, 1993ರಲ್ಲಿ ಶುರುವಾಗಿ ಈಗ ದೇಶದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚಿವೆ. ರೈತನೇ ಬೆಲೆ ಕಟ್ಟಿ, ತನ್ನ ಹೆಸರಿನ ಚೀಟಿ ಅಂಟಿಸಿ ಇಡುತ್ತಾನೆ. ಸ್ವಲ್ಪ ಕಮಿಷನ್ ಮುರಿದುಕೊಂಡು ಉಳಿದದ್ದು ಅವನಿಗೆ.

ನಮ್ಮಂಥವರಿಗೆ ಜಪಾನ್ ಅಂದರೆ ಫುಕುವೋಕ. ಅಜ್ಜನಿಗೆ ಆ ಹೆಸರೇ ಗೊತ್ತಿರಲಿಲ್ಲ! ಅವರ ಊರು ದೂರದ ಶಿಕೊಕು ದ್ವೀಪ.

ಒಂದು ದಿನ ಮಗಳ ಶಾಲೆಗೆ ಹೋದೆ. ಮೂವತ್ತೊಂದೇ ಮಕ್ಕಳು. ಊಟ ಅವರೇ ಬಡಿಸಿಕೊಂಡು, ಆಮೇಲೆ ಬಟ್ಟೆ ಹಿಡಿದು ನೆಲ ಒರೆಸುತ್ತಾರೆ. ಎಲ್ಲದಕ್ಕೂ ಮೀನಿನ ಸಾರು ಬೆರೆಸುವುದರಿಂದ ಮಗಳು ಕೇಳಿಕೊಂಡು ತನ್ನ ಬುತ್ತಿ ಒಯ್ಯುತ್ತಾಳೆ. ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿ ಮಕ್ಕಳಿಂದ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿಸಿದಳು. ಒಬ್ಬ ಹುಡುಗ, "ವಾಟ್ ಡು ಯು ಗ್ರೋ?" ಅಂದ. "ಗ್ರೌಂಡ್‌ನಟ್" ಅಂದೆ. ಅವರಿಗೂ ನನಗೂ ಇಂಗ್ಲಿಷ್ ಸಮಸಮ. ಶೇಂಗಾ ಮರದಲ್ಲಿ ಬಿಡುತ್ತದೆ ಅಂದುಕೊಂಡಿದ್ದರು. ಹೂವಿನಿಂದ ಊಡು ಇಳಿದು ಮಣ್ಣೊಳಗೆ ಕಾಯಾಗುವುದನ್ನು ಬೆರಳಲ್ಲಿ ತೋರಿಸಿದೆ, ಮಗಳು ಬೋರ್ಡಿನ ಮೇಲೆ ಬರೆದಳು. ಮಕ್ಕಳು ಕಡಿಮೆಯಾಗಿ ಆ ಶಾಲೆಯನ್ನು ಪಕ್ಕದ ದೊಡ್ಡ ಶಾಲೆಗೆ ಸೇರಿಸುವ ಮಾತಿದೆ ಅಂತ ಆಗ ಹೇಳಿದರು. ಹಾಗಾದರೆ ಮಗಳು ಮತ್ತೆ ಹೊಸ ಊರಿಗೆ ಹೊಂದಿಕೊಳ್ಳಬೇಕು. ಈ ಸಲ ಹೇಗೆ ಅಂತ ಅವಳಿಗೆ ಗೊತ್ತು.

ಮಕ್ಕಳನ್ನು ಕಳಿಸುವವರಿಗೆ ನಾಲ್ಕು ಮಾತು. ದಾಖಲೆ ಮೊದಲೇ ಹೊಂದಿಸಿ. ಮೊದಲ ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಹಳ್ಳಿಯಾದರೆ ಕಾರು ಓಡಿಸಲು ಬರಲೇಬೇಕು. ಕೊಟ್ಟದ್ದನ್ನು ತಗೊಳ್ಳಿ, ಡಬ್ಬಿ ಬರಿದು ಕಳಿಸಬೇಡಿ ಅಂತ ಹೇಳಿ ಕಳಿಸಿ.

ಹೊರಡುವ ದಿನ ಅಜ್ಜ ಹಲ್ಲಿನ ಕುಡುಗೋಲೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಬೇಡ ಅನ್ನಲಿಲ್ಲ, ಎರಡೂ ಕೈಯಲ್ಲಿ ತಗೊಂಡೆ. ಆ ವರ್ಷದ ಸಜ್ಜೆ ಅದರಲ್ಲೇ ಕೊಯ್ದೆ, ಚೆನ್ನಾಗಿ ಹರಿಯುತ್ತದೆ. ಬಂಗಾರ ಬಿಡಿಸಿಕೊಂಡು ಬಂದಿದ್ದೇವೆ. ಹೊಸ ಶೇಂಗಾ ಸುಲಿದಾಗಿದೆ. ನಮ್ಮ ಮನೆಯವರು ಉಂಡೆ ಕಟ್ಟುತ್ತಿದ್ದಾರೆ, ಒಂದು ಡಬ್ಬಿ ಅಜ್ಜನ ಮನೆಗೆ.