ಸಾಹೇಬರು ಟೈ ಬಿಚ್ಚಿದಾಗ

ರೂಮಿನಿಂದ ಹೊರಗೆ ಬಂದ ಮೇಲೆ ಫ್ಯಾನ್ ಆರಿಸಿ ಅಂತ ದಿನಕ್ಕೆ ಹತ್ತು ಸಲವಾದರೂ ಹೇಳುತ್ತೀರಿ, ಅಲ್ಲವೇ? ಕೇಳುವವರು ಯಾರು! ಮನೆಯಲ್ಲೇ ಹೀಗಾದರೆ ಇವರು ಆಫೀಸಿನಲ್ಲಿ ಇನ್ನು ಹೇಗೋ? ಅಲ್ಲಿನ ಕರೆಂಟ್ ಬಿಲ್ಲು ಇವರ ಜೇಬಿನಿಂದ ಹೋಗುವುದೂ ಇಲ್ಲ. ಆದರೂ ಆಫೀಸಿನ ಏರ್ಪಾಡು ಬದಲಾದರೆ ಜನರೂ ಬದಲಾಗುತ್ತಾರೆ. ಜಪಾನಿನ ಕತೆ ಕೇಳಿ.

ಅಲ್ಲಿನ ಬೇಸಿಗೆ ನಮ್ಮ ಮಂಗಳೂರಿನ ಸೆಕೆಯ ಹಾಗೆ, ಮೈಯೆಲ್ಲ ಅಂಟಂಟು. ಆದರೂ ಆಫೀಸಿಗೆ ಹೋಗುವ ಗಂಡಸರಿಗೆ ಆಗ ಕೋಟು, ಟೈ ಬೇಕೇ ಬೇಕಿತ್ತು. ಕೋಟು ತೊಟ್ಟವರಿಗೆ ಹಿತವಾಗಲೆಂದು ಎ.ಸಿ.ಯನ್ನು ತಣ್ಣಗೆ ಇಡುವುದು. ತೆಳು ಬಟ್ಟೆ ತೊಟ್ಟ ಹೆಣ್ಣುಮಕ್ಕಳು ಪಕ್ಕದಲ್ಲೇ ಮಂಡಿಯ ಮೇಲೆ ಕಂಬಳಿ ಹೊದ್ದು ಕೆಲಸ ಮಾಡುವುದು! ಬೇಸಿಗೆಯಲ್ಲಿ ಕಂಬಳಿ! ಇದಕ್ಕೆ ಏನೆನ್ನೋಣ?

2005ರಲ್ಲಿ ಪರಿಸರ ಸಚಿವೆಯಾಗಿದ್ದ ಯೂರಿಕೊ ಕೊಯಿಕೆ ‘ಕೂಲ್ ಬಿಜ್’ ಎಂಬ ಏರ್ಪಾಡು ತಂದರು. ಬೇಸಿಗೆಯಲ್ಲಿ ಎ.ಸಿ. 28 ಡಿಗ್ರಿಗೇ ಇರಲಿ, ಕೋಟು-ಟೈ ಬೇಡ ಎಂದರು. ಖಾಸಗಿ ಕಂಪನಿಗಳಿಗೆ ಇದು ಕಾನೂನಲ್ಲ, ಬರೀ ಕೋರಿಕೆ. ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ ಸುಮ್ಮನಾಗಿದ್ದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಿದ್ದರು? ಸಾಹೇಬರೇ ಟೈ ಕಟ್ಟಿ ಕೂತಿರುವಾಗ ಗುಮಾಸ್ತ ಬಿಚ್ಚಿಯಾನೇ? ಅದಕ್ಕೇ ಪ್ರಧಾನಿ ಕೊಯಿಜುಮಿಯವರೇ ಟೈ ಇಲ್ಲದೆ ಜನರೆದುರು ಬಂದರು. ಆಮೇಲೆ ಉಳಿದವರಿಗೂ ಧೈರ್ಯ ಬಂತು. ಟೈ ತಯಾರಿಸುವವರು ಮಾತ್ರ ಗೊಣಗಿದರು, ಪಾಪ.

ಆ ಒಂದು ಬೇಸಿಗೆಯಲ್ಲೇ 4,60,000 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪಿತೆಂದು ಸಚಿವಾಲಯದ ಅಂದಾಜು. 2011ರ ಭೂಕಂಪದ ನಂತರ ವಿದ್ಯುತ್ತಿಗೆ ತತ್ವಾರವಾದಾಗ ಹೂವಿನ ಚಿತ್ತಾರದ ಅಂಗಿಗೂ ಒಪ್ಪಿಗೆ ಸಿಕ್ಕಿತು!

ಆಫೀಸಿನಲ್ಲಿ ಕಲಿತದ್ದು ಮನೆಯವರೆಗೂ ಬರುತ್ತದೆಯೇ? ತಾನಾಗಿ ಬರುವುದಿಲ್ಲ ಎನ್ನುವುದೇ ನನ್ನ ಅಭಿಪ್ರಾಯ. ಮೇಲಿನವರ ಭಯಕ್ಕೆ ಮಾಡಿದ್ದು ಆಫೀಸಿನ ಬಾಗಿಲಲ್ಲೇ ಉಳಿಯುತ್ತದೆ. ಏಕೆಂದು ತಿಳಿದು ಮಾಡಿದ್ದು ಬಂದೀತು. ನಮ್ಮಲ್ಲೂ 2020ರ ಜನವರಿಯಿಂದ ತಯಾರಾದ ಮನೆ ಎ.ಸಿ.ಗಳು ಶುರುವಿನಲ್ಲಿ 24 ಡಿಗ್ರಿಗೆ ನಿಲ್ಲುವಂತೆ ನಿಯಮವಾಗಿದೆ. ಒಂದೊಂದು ಡಿಗ್ರಿ ಮೇಲಿಟ್ಟರೂ ಸುಮಾರು 6% ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ. ನಿಮ್ಮ ಮನೆಯಲ್ಲೂ ಎ.ಸಿ. ಇದ್ದರೆ, ಅದನ್ನು 18ಕ್ಕೆ ಇಳಿಸುವ ಕೈ ಯಾರದೆಂದು ನಿಮಗೇ ಗೊತ್ತು. ಬೈಯಬೇಡಿ. ಕಾಫಿ ಕೊಡುವಾಗ ಮೆಲ್ಲಗೆ ಕೇಳಿ: “ಏನ್ರೀ, ನಿಮ್ಮ ಆಫೀಸ್ನಲ್ಲಿ ಎಷ್ಟಕ್ಕೆ ಇಟ್ಟಿರ್ತಾರೆ?”