ಬೆಟ್ಟದ ಮೇಲಿನ ಗೆಳತಿಯ ಮನೆಗೆ

ಮಕ್ಕಳ ಪರೀಕ್ಷೆ ಮುಗಿದು, ತಾರಸಿ ಕಾದು, ರಾತ್ರಿ ಫ್ಯಾನಿನ ಗಾಳಿಯೂ ಬಿಸಿಯಾಗಿ ಬೀಸತೊಡಗಿತೆಂದರೆ ನಮ್ಮ ಬಯಲುಸೀಮೆಯ ಮನೆಗಳಲ್ಲೆಲ್ಲ ಒಂದೇ ಮಾತು: "ಎಲ್ಲಾದರೂ ತಂಪಾದ ಕಡೆ ನಾಲ್ಕು ದಿನ ಹೋಗಿ ಬರೋಣ." ಊಟಿ, ಕೊಡೈಕೆನಾಲ್ ಎಂದು ಶುರುವಾಗುತ್ತದೆ. ಲಾಡ್ಜಿನ ಬಾಡಿಗೆ, ಹೋಟೆಲಿನ ಊಟ, ಟ್ಯಾಕ್ಸಿ ಎಲ್ಲ ಕೂಡಿಸಿ ನೋಡಿದ ಮೇಲೆ ಯಜಮಾನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಆಗ ನೆನಪಾಗುವವರು ಮಲೆನಾಡಿನಲ್ಲಿರುವ ನೆಂಟರು, ಸ್ನೇಹಿತರು. "ಅವರೇ ಎಷ್ಟು ಸಲ ಕರೆದಿಲ್ಲ! ಹೋಗದಿದ್ದರೆ ಬೇಜಾರು ಮಾಡಿಕೊಳ್ತಾರೆ" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಕರೆದಿರುವುದೇನೋ ನಿಜ. ಆದರೆ ಸೋದರಿಯರೇ, ನಿಮ್ಮ ಹಾಗೆ ಇನ್ನೆಷ್ಟು ಮನೆಯವರಿಗೆ ಅದೇ ಮೇ ತಿಂಗಳಲ್ಲಿ ಅದೇ ಗೆಳತಿಯ ನೆನಪಾಗಿರುತ್ತದೆ ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ನನ್ನ ಗೆಳತಿ ಹಾಕಿದ್ದಾಳೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. 2024ರ ಏಪ್ರಿಲ್ ಹತ್ತರಿಂದ ಮೇ ಏಳರವರೆಗೆ ಅವಳ ಮನೆಗೆ ಬಂದು ಉಳಿದವರು ಇಪ್ಪತ್ತಾರು ಮಂದಿ. ನಾವು ನಾಲ್ವರು ಸೇರಿ ಮೂವತ್ತು.

ಅವಳೂ ನಾನೂ ದಾವಣಗೆರೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದವರು. ನಾನು ಊರಲ್ಲೇ ಉಳಿದೆ, ಅವಳನ್ನು ಚಿಕ್ಕಮಗಳೂರಿನಾಚೆ ಆಲ್ದೂರಿನ ಕಡೆ ಕಾಫಿ ತೋಟದ ಮನೆಗೆ ಕೊಟ್ಟರು. ತೋಟ ಅಂದ ಕೂಡಲೇ ಸಿನಿಮಾದಲ್ಲಿ ತೋರಿಸುವ ಬಂಗಲೆ, ಕುದುರೆ ಎಂದುಕೊಳ್ಳಬೇಡಿ. ಎಂಟು ಎಕರೆ ಕಾಫಿ, ಹೆಂಚಿನ ಹಳೇ ಮನೆ, ಎರಡು ಹಸು, ಎಂಬತ್ತು ದಾಟಿದ ಅತ್ತೆ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ.

ಮೇ ಏಳರಂದು ನಮ್ಮೂರಲ್ಲಿ ಲೋಕಸಭೆ ಚುನಾವಣೆಯ ಮತದಾನ. ವೋಟು ಹಾಕಿ ಮರುದಿನ ಬುಧವಾರ ಬೆಳಿಗ್ಗೆಯೇ ರೈಲು ಹತ್ತಿದೆವು. ಕಡೂರಿನಲ್ಲಿ ಇಳಿದು ಬಸ್ಸು. ಸಖರಾಯಪಟ್ಟಣದವರೆಗೂ ನಮ್ಮೂರಿನದೇ ಬಿಸಿಲು. ಆ ವರ್ಷದ ಬರ ಗೊತ್ತಲ್ಲ, ತೆಂಗಿನ ಗರಿಗಳೆಲ್ಲ ಜೋತುಬಿದ್ದಿದ್ದವು. ಆಮೇಲೆ ನಿಧಾನವಾಗಿ ಎದುರಿಗೆ ನೀಲಿ ಬೆಟ್ಟದ ಸಾಲು ಕಾಣಿಸಿಕೊಂಡಿತು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲದ ಪ್ರಯಾಣ ಶುರುವಾದ ಮೇಲೆ ಇಂಥ ಹಾದಿಯಲ್ಲಿ ನನ್ನಂಥವರೇ ಹೆಚ್ಚು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಿಂದ ತೆಗೆದಳು, ಮೊದಲೆಲ್ಲ ಎಲೆಅಡಿಕೆ ತೆಗೆಯುತ್ತಿದ್ದ ಹಾಗೆ. ಚಿಕ್ಕಮಗಳೂರು ದಾಟಿದ ಮೇಲೆ ಆಲ್ದೂರಿನ ಕಡೆಗೆ ನಮಗೆ ಸಿಕ್ಕಿದ್ದು ಖಾಸಗಿ ಬಸ್ಸು, ಅಲ್ಲಿ ಈ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಂಡಿರಿ. ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಕ್ಕಳಿದ್ದರೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಕೈಗೊಂದು ನಿಂಬೆಹಣ್ಣು ಕೊಡಿ.

ಸಾವಿರ ಮೀಟರ್ ಎತ್ತರ ಏರಿದರೆ ಆರು ಡಿಗ್ರಿಯಷ್ಟು ಬಿಸಿ ಇಳಿಯುತ್ತದೆ ಎಂದು ನನ್ನ ದೊಡ್ಡ ಮಗ ದಾರಿಯುದ್ದಕ್ಕೂ ಪಾಠ ಹೇಳಿದ. ಪಾಠ ಬೇಕಿರಲಿಲ್ಲ. ಬಸ್ಸಿಳಿದು ಸಿಲ್ವರ್ ಓಕ್ ಮರಗಳ ನೆರಳಿಗೆ ಬಂದಾಗ ಮೈಗೇ ಗೊತ್ತಾಯಿತು.

ನಮ್ಮ ಸಾಮಾನು ನೋಡಿ ಗೆಳತಿ ಮೊದಲು ಮುಖ ಊದಿಸಿಕೊಂಡಳು. ನಾನು ಒಬ್ಬೊಬ್ಬರಿಗೆ ಒಂದು ಹಾಸುವ ಬಟ್ಟೆ, ಒಂದು ಹೊದಿಕೆ, ಒಂದು ಟವೆಲಿನಂತೆ ಕಟ್ಟಿಕೊಂಡು ಹೋಗಿದ್ದೆ. "ಏನೇ ಇದು, ನಮ್ಮನೇಲಿ ಹೊದಿಕೆಗೆ ಬರ ಬಂದಿದ್ಯಾ ಮಾರಾಯ್ತಿ?" ಎಂದಳು. "ಹೊದಿಕೆಗಲ್ಲ, ನೀರಿಗೆ ಬಂದಿರಬಹುದು" ಎಂದೆ. ಫೋನಿನಲ್ಲಿ ಅವಳು "ನೀರಿಗೇನು ತೊಂದರೆ ಇಲ್ಲ, ಹೆಂಗೋ ಆಗ್ತದೆ" ಅಂದಿದ್ದಳಲ್ಲ, ಆ 'ಹೆಂಗೋ' ಎಂಬುದರ ಅರ್ಥ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಿನವಳಿಗೆ ತಿಳಿಯದೇ? ಹಿತ್ತಲಿಗೆ ಹೋಗಿ ಬಾವಿ ಬಗ್ಗಿ ನೋಡಿದೆ. ತಳದ ಕಲ್ಲು ಕಾಣುತ್ತಿತ್ತು. ತೋಟದ ಕೆಳಗಿನ ಹಳ್ಳ ಮಾರ್ಚಿಯಲ್ಲೇ ಬತ್ತಿತ್ತಂತೆ. ಮಲೆನಾಡೆಂದರೆ ನೀರಿನ ನಾಡು ಎಂದುಕೊಂಡೇ ಎಲ್ಲರೂ ಬರುತ್ತಾರೆ. ಹಿಂದಿನ ವಾರ ಬಂದವರು ದಿನಕ್ಕೆರಡು ಸಲ ಸ್ನಾನ ಮಾಡಿ, ನಲ್ಲಿ ಬಿಟ್ಟುಕೊಂಡೇ ಬಟ್ಟೆ ಒಗೆದು, "ಆಹಾ, ಏನು ತಂಪು ನೀರು!" ಎಂದು ಹೊಗಳಿ ಹೋಗಿದ್ದರು. ಅವರು ಬಿಟ್ಟು ಹೋದ ಒಂಬತ್ತು ಹಾಸಿಗೆ ಬಟ್ಟೆಗಳು ಬಚ್ಚಲ ಮೂಲೆಯಲ್ಲಿ ಗಂಟಾಗಿ ಬಿದ್ದಿದ್ದವು.

ಇವಳು ಯಾರಿಗೂ ಒಂದು ಮಾತು ಹೇಳಿಲ್ಲ. ಹೇಳುವುದು ಹೇಗೆ? ಬಂದವರಿಗೆ ನೀರು ಕಡಿಮೆ ಎಂದು ಹೇಳುವ ಮನೆ ಮಲೆನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ನಾವೇ ಕೇಳಿ ತಿಳಿಯಬೇಕು, ಕೇಳಿದರೂ ನಂಬಬಾರದು, ಬಾವಿ ನೋಡಬೇಕು. ನಮ್ಮ ಹುಡುಗರಿಗೆ ಹೇಳಿಬಿಟ್ಟೆ: ಹಂಡೆಯಿಂದ ಒಬ್ಬರಿಗೆ ಒಂದು ಬಕೆಟ್ಟು, ಚೊಂಬಿನಲ್ಲೇ ಸ್ನಾನ, ಕೊಳೆ ಬಟ್ಟೆ ಗಂಟು ಕಟ್ಟಿ ಊರಿಗೆ.

ಮೊದಲ ರಾತ್ರಿ ಅವಳ ಒಲೆ ಹಚ್ಚಗೊಡಲಿಲ್ಲ. ಕಟಕು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ನಾನೇ ಕಟ್ಟಿಕೊಂಡು ಹೋಗಿದ್ದೆ. ಸಿಹಿ ತಿಂಡಿಯ ಪೊಟ್ಟಣ ಎಲ್ಲರೂ ತರುತ್ತಾರೆ, ಅಂಥವು ಡಬ್ಬಿಯಲ್ಲಿ ಆರು ಬಗೆ ಇದ್ದವು. ತವರಿನ ಮಂಡಕ್ಕಿ ಕಂಡಾಗ ಅವಳ ಮುಖ ನೋಡಬೇಕಿತ್ತು. ಮೊಸರು, ಈರುಳ್ಳಿ, ರೊಟ್ಟಿ ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ರಾತ್ರಿ ಹನ್ನೊಂದಾದರೂ ಮಾತು ಮುಗಿಯಲಿಲ್ಲ.

ಆಗ ಗೊತ್ತಾಯಿತು, ಆ ವರ್ಷ ಅವಳಿಗೆ ನೀರಿನದೊಂದೇ ಚಿಂತೆಯಲ್ಲ ಎಂದು. ಕಾಫಿ ಗಿಡಕ್ಕೆ ಫೆಬ್ರವರಿ ಮಾರ್ಚಿಯಲ್ಲಿ ಒಂದು ಹದವಾದ ಮಳೆ ಬೇಕು. ಹೂಮಳೆ ಅನ್ನುತ್ತಾರೆ. ಅದು ಬಿದ್ದ ಹತ್ತು ದಿನದಾಸುಪಾಸಿಗೆ ಇಡೀ ತೋಟ ಮಲ್ಲಿಗೆಯ ಹಾಗೆ ಬೆಳ್ಳಗಾಗಿ ಘಮಘಮ ಎನ್ನುತ್ತದೆ. ಆ ಹೂವು ನಿಂತರೆ ವರ್ಷದ ಅನ್ನ. 2024ರಲ್ಲಿ ಅವರ ತೋಟಕ್ಕೆ ಆ ಮಳೆ ಬರಲಿಲ್ಲ. ಇದ್ದ ಕೆರೆಯ ನೀರನ್ನು ಪಂಪಿನಲ್ಲಿ ಹಾರಿಸಿ ಎರಡು ಎಕರೆಗೆ ಹೂವು ತರಿಸಿದರು, ಅಷ್ಟರಲ್ಲಿ ಕೆರೆ ಬರಿದು. ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ವರ್ಷ ಅದು. ಬೆಲೆ ಬಂದಾಗ ಬೆಳೆ ಇಲ್ಲ, ರೈತರ ಮನೆಯ ಹಳೇ ಕಥೆ.

"ಮಗಳು ಹೋಂಸ್ಟೇ ಮಾಡಿ ಅಂತ ಹಟ ಹಿಡಿದಿದ್ದಾಳೆ ಕಣೇ. ಇವರೂ ಹೂಂ ಅಂತಿದ್ದಾರೆ. ಬ್ಯಾಂಕಿನ ಸಾಲ ಇದೆಯಲ್ಲ. ನನಗೇ ಧೈರ್ಯ ಇಲ್ಲ. ಹತ್ತೊಂಬತ್ತು ವರ್ಷ ಆಯ್ತು ಈ ಮನೆಗೆ ಬಂದು, ಯಾರ ಹತ್ರಾನೂ ಊಟಕ್ಕೆ ದುಡ್ಡು ಇಸ್ಕೊಂಡಿಲ್ಲ. ನೀನೇನಂತೀ?"

ನಾನೇನು ಹೇಳಲಿ? ದುಡ್ಡಿಲ್ಲದೆ ಅವಳು ಆ ಕೆಲಸ ಮಾಡುತ್ತಲೇ ಇದ್ದಾಳೆ, ತಿಂಗಳಿಗೆ ಇಪ್ಪತ್ತಾರು ಜನಕ್ಕೆ! ಆದರೆ ನೆಂಟರಿಗೆ ಬಡಿಸುವ ಕೈಗೂ ಗಿರಾಕಿಗೆ ಬಡಿಸುವ ಕೈಗೂ ವ್ಯತ್ಯಾಸ ಇರುತ್ತದೆ. ಗಿರಾಕಿ ರಾತ್ರಿ ಹನ್ನೊಂದಕ್ಕೆ ಬಿಸಿನೀರು ಕೇಳುತ್ತಾನೆ. ನನಗೆ ತೋರಿದ್ದನ್ನು ಹೇಳಿದೆ: ಮಾಡುವುದಾದರೆ ಒಂದೇ ಕೋಣೆ, ಸಹಾಯಕ್ಕೊಬ್ಬ ಹೆಂಗಸು, ಆ ದುಡ್ಡು ನಿನ್ನ ಹೆಸರಿನ ಖಾತೆಗೆ. ಇದರಲ್ಲಿ ಒಂದು ಕಡಿಮೆಯಾದರೂ ಬೇಡ. ಅವಳ ಯಜಮಾನರು ಕತ್ತಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಕೆಮ್ಮಿದರು, ಮಾತಾಡಲಿಲ್ಲ.

ಗುರುವಾರ ಹಲಸಿನ ಹಪ್ಪಳದ ಕೆಲಸ. ಮಳೆಗಾಲಕ್ಕೆ ಮುಂಚೆ ಅಲ್ಲಿ ಪ್ರತಿ ಮನೆಯ ಹೆಂಗಸರಿಗೂ ಇದೊಂದು ದೊಡ್ಡ ಕೆಲಸ, ನೆಂಟರ ಕಾಟದಲ್ಲಿ ಇವಳದು ಹಿಂದೆ ಬಿದ್ದಿತ್ತು. ಮಾಡುವ ಕ್ರಮ ಹೇಳುತ್ತೇನೆ. ಕಾಯಿ ಚೆನ್ನಾಗಿ ಬಲಿತಿರಬೇಕು, ಹಣ್ಣಾಗಿರಬಾರದು, ಸಿಹಿ ಹತ್ತಿದರೆ ಹಪ್ಪಳ ಕರಿದಾಗ ಕಪ್ಪಾಗುತ್ತದೆ. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಹೆಚ್ಚಿ, ಬೀಜ ತೆಗೆದ ತೊಳೆಗಳನ್ನು ಇಡ್ಲಿ ಪಾತ್ರೆಯಲ್ಲಿ ಆವಿಗಿಟ್ಟು ಬೇಯಿಸಿ. ನೀರಿಗೆ ಹಾಕಬೇಡಿ, ಮೆತ್ತಗಾಗಿ ಕೆಡುತ್ತದೆ. ನೂರು ತೊಳೆಗೆ ಹನ್ನೆರಡು ಒಣಮೆಣಸಿನಕಾಯಿ, ಎರಡು ಚಮಚ ಜೀರಿಗೆ, ಚಿಟಿಕೆ ಇಂಗು, ರುಚಿಗೆ ಉಪ್ಪು ಪುಡಿ ಮಾಡಿಟ್ಟುಕೊಂಡು, ತೊಳೆ ಬಿಸಿಯಿರುವಾಗಲೇ ಜತೆಗೆ ಹಾಕಿ ನೀರು ಸೋಕಿಸದೆ ಒರಳಲ್ಲಿ ಕುಟ್ಟಬೇಕು. ಮಿಕ್ಸಿಯಲ್ಲೂ ಆದೀತು, ಆದರೆ ಸ್ವಲ್ಪ ಸ್ವಲ್ಪವಾಗಿ. ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಮಣೆಯಿಂದ ಒತ್ತಿ, ಚಾಪೆಯ ಮೇಲೆ ಎರಡು ಮೂರು ಬಿಸಿಲು ಒಣಗಿಸಿದರೆ ವರ್ಷವಿಡೀ ಕೆಡುವುದಿಲ್ಲ. ನಮ್ಮ ಯಜಮಾನರು ಒತ್ತಲು ಕೂತರು, ಹುಡುಗರು ಚಾಪೆಗೆ ಸಾಗಿಸಿದರು. ಸಂಜೆಗೆ ಇನ್ನೂರಕ್ಕೂ ಮೇಲಾಯಿತು. ಅಷ್ಟರಲ್ಲಿ ಎಷ್ಟು ಹಸಿ ಹಿಟ್ಟು ಚಿಕ್ಕ ಮಗನ ಹೊಟ್ಟೆ ಸೇರಿತೋ ದೇವರೇ ಬಲ್ಲ.

ಮರುದಿನ ಅಕ್ಷಯ ತದಿಗೆ, ಬಸವ ಜಯಂತಿ. ಹೋಳಿಗೆ ಮಾಡಿದೆವು, ಜತೆಗೆ ಕಾಡುಮಾವಿನ ಹಣ್ಣಿನ ಸಾಸಿವೆ. ಸಣ್ಣ ಮಾವಿನ ಹಣ್ಣಿನ ಸಿಪ್ಪೆ ತೆಗೆದು ಗೊರಟಿನ ಸಮೇತ ಕೈಯಲ್ಲಿ ಹಿಚುಕಿ, ಬೆಲ್ಲ, ಉಪ್ಪು ಬೆರೆಸಿ, ತೆಂಗಿನಕಾಯಿಗೆ ಅರ್ಧ ಚಮಚ ಸಾಸಿವೆ, ಎರಡು ಒಣಮೆಣಸಿನಕಾಯಿ ಹಾಕಿ ರುಬ್ಬಿ ಕಲಸಿದರಾಯಿತು, ಒಲೆಯ ಹಂಗೇ ಇಲ್ಲ. ಊಟ ಮುಗಿದು ಸಂಜೆಯ ಹೊತ್ತಿಗೆ ಗುಡುಗಿತು. ಚಾಪೆಗಳನ್ನು ಒಳಗೆಳೆಯುವಷ್ಟರಲ್ಲಿ ದಪ್ಪ ಹನಿ. ನಾವು ಹಪ್ಪಳಕ್ಕೆ ಒದ್ದಾಡುತ್ತಿದ್ದರೆ ಅವಳ ಯಜಮಾನರು ಅಂಗಳದಲ್ಲಿ ನಿಂತು ಸುಮ್ಮನೆ ನೆನೆಯುತ್ತಿದ್ದರು.

ಆ ರಾತ್ರಿ ಕರೆಂಟು ಹೋಯಿತು. (ಬೇಸಿಗೆಯ ಗಾಳಿಮಳೆಗೆ ಅಲ್ಲಿ ಹೋಗುವುದೇ ಹೆಚ್ಚು, ಟಾರ್ಚು ಒಯ್ಯಲು ಮರೆಯಬೇಡಿ.) ಲಾಟೀನಿನ ಬೆಳಕಲ್ಲಿ ಅವಳ ಅತ್ತೆಯವರ ಕಾಲೊತ್ತುತ್ತಾ ಕೂತಿದ್ದಾಗ ಆ ಅಜ್ಜಿಯೇ ಹೇಳಿದ್ದು: "ನಮ್ಮ ಸೊಸೆ ಮುಳ್ಳಯ್ಯನಗಿರಿ ನೋಡಿಲ್ಲ ಮಗಾ. ಬಂದೋರನ್ನೆಲ್ಲ ಕಳಿಸ್ತಾಳೆ, ತಾನು ಹೋಗಿಲ್ಲ." ನನಗೆ ನಂಬಿಕೆಯಾಗಲಿಲ್ಲ. ಕರ್ನಾಟಕದಲ್ಲೇ ಎತ್ತರದ ಶಿಖರ, 1,930 ಮೀಟರ್, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಇವಳ ಮನೆಯಿಂದ ನಲವತ್ತು ಕಿಲೋಮೀಟರಿನ ಆಸುಪಾಸು. ಹೌದು, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ! ನೆಂಟರು ಗಿರಿಗೆ ಹೊರಟರೆ ಇವಳು ಬುತ್ತಿ ಕಟ್ಟಿ ಕಳಿಸಿ, ಅವರು ಬರುವಷ್ಟರಲ್ಲಿ ಮಧ್ಯಾಹ್ನದ ಅಡುಗೆ ಮಾಡಿಟ್ಟು ಕಾಯುವವಳು. ಅತ್ತೆಯನ್ನು ಒಬ್ಬರನ್ನೇ ಬಿಡುವ ಹಾಗೂ ಇಲ್ಲ.

ಶನಿವಾರ ಬೆಳಗಿನ ಐದಕ್ಕೆ ಅವಳನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದೆವು. ನಮ್ಮ ಯಜಮಾನರೂ ಹುಡುಗರೂ ಅಜ್ಜಿಯ ಕಾವಲಿಗೆ ಮನೆಯಲ್ಲಿ. ಬಾಗಿಲಲ್ಲಿ ನಿಂತು ಅನುಮಾನಿಸುತ್ತಿದ್ದ ಸೊಸೆಗೆ ಒಳಗಿನಿಂದಲೇ ಅಜ್ಜಿ, "ಹೋಗಿ ಬಾರೇ, ನಾನೇನು ಓಡಿ ಹೋಗ್ತೀನಾ?" ಎಂದರು.

ಕೈಮರ ದಾಟಿ ಮೇಲೇರಿದಂತೆ ಮರಗಳು ಮುಗಿದು ಬರೀ ಹುಲ್ಲು, ಮಂಜು. ಜೀಪು ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವ ಹಾಗಿತ್ತು. ಸೀರೆಯವರು ಪಿನ್ನು ಹಾಕಿಕೊಂಡೇ ಹೋಗಿ. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ. ಕೈಮುಗಿದು ಈಚೆ ಬರುವಷ್ಟರಲ್ಲಿ ಮಂಜು ಸರಿದು, ಕೆಳಗೆ ಚಿಕ್ಕಮಗಳೂರು, ಕೆರೆಗಳು, ಅಡ್ಡಡ್ಡ ಮಲಗಿದ ಬೆಟ್ಟಗಳು ಕಂಡವು. ಬಾಬಾಬುಡನ್‌ಗಿರಿಯ ಸಾಲನ್ನು ಅವಳ ಯಜಮಾನರು ತೋರಿಸಿದರು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ನೆಟ್ಟರೆಂಬ ಪ್ರತೀತಿ ಆ ಬೆಟ್ಟದ್ದು. ಇವಳ ಎಂಟು ಎಕರೆಯ ಸುಖದುಃಖವೆಲ್ಲ ಆ ಏಳು ಬೀಜದಿಂದಲೇ ಬಂದದ್ದು ಎನ್ನಿ. ಅವಳು ಮಾತ್ರ ಅದೇನನ್ನೂ ಕೇಳಿಸಿಕೊಳ್ಳಲಿಲ್ಲ. ನೈಋತ್ಯಕ್ಕೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ತನ್ನ ಮನೆ ಹುಡುಕುತ್ತಿದ್ದಳು. ಅಷ್ಟು ದೂರದ ಹೆಂಚಿನ ಮನೆ ಎಲ್ಲಿ ಕಂಡೀತು? "ಅಲ್ಲೇ ಎಲ್ಲೋ ಇದೆ" ಎಂದು ಹೇಳಿ ಕಲ್ಲಿನ ಮೇಲೆ ಅರ್ಧ ಗಂಟೆ ಕೂತಳು. ನಾವಾಗಿ ಎಬ್ಬಿಸಲಿಲ್ಲ.

ಒಂಬತ್ತಕ್ಕೆ ಇಳಿಯುವಾಗ ಎದುರಿಗೆ ಕಾರುಗಳ ಸಾಲು ಇರುವೆಯಂತೆ ಹತ್ತುತ್ತಿತ್ತು. ಶನಿವಾರ, ಭಾನುವಾರ ಹೋಗುವವರು ನಸುಕಿಗೇ ಹೋಗಿ, ಇಲ್ಲವಾದರೆ ಬೆಟ್ಟ ನೋಡುವ ಬದಲು ಮುಂದಿನ ಕಾರಿನ ನಂಬರು ನೋಡಿ ಬರುತ್ತೀರಿ. ಮನೆಗೆ ಬಂದರೆ ನಮ್ಮ ಯಜಮಾನರು ಗಂಟುಗಂಟಾದ ಉಪ್ಪಿಟ್ಟು ಮಾಡಿಟ್ಟಿದ್ದರು. ಅಜ್ಜಿ ಎರಡು ಸಲ ಹಾಕಿಸಿಕೊಂಡರಂತೆ.

ಭಾನುವಾರ ನಾವು ಹೊರಟೆವು. ನಾಲ್ಕು ರಾತ್ರಿ ಸಾಕು, ಐದನೆಯದಕ್ಕೆ ಎಂಥ ಗೆಳತಿಗೂ ಆಯಾಸವಾಗುತ್ತದೆ. ಹೊರಡುವ ಮುಂಚೆ ನಾವು ಮಲಗಿದ್ದ ಕೋಣೆ ಗುಡಿಸಿ, ಹಾಸಿಗೆ ಸುತ್ತಿಟ್ಟೆ. ಬಾವಿಗೆ ಇನ್ನೂ ನೀರು ಏರಿರಲಿಲ್ಲ, ಆದರೆ ಮಣ್ಣಿನ ವಾಸನೆ ಬಂದಿತ್ತು.

ಹೋಂಸ್ಟೇ ಶುರುವಾಯಿತು, ದಸರೆಯ ಹೊತ್ತಿಗೆ, ಒಂದೇ ಕೋಣೆ. ಸಹಾಯಕ್ಕೆ ತೋಟದ ಕೆಲಸದವರ ಪೈಕಿ ಒಬ್ಬಾಕೆ ಬರುತ್ತಾಳೆ. ಖಾತೆ ಅವಳ ಹೆಸರಿನಲ್ಲೇ ಇದೆ ಎಂದು ನನಗೆ ಪಾಸ್‌ಬುಕ್ಕಿನ ಫೋಟೋ ಕಳಿಸಿದ್ದಳು! ನೆಂಟರಲ್ಲಿ ಕೆಲವರಿಗೆ ಕೋಪ ಬಂದಿದೆಯಂತೆ, "ಈಗ ದುಡ್ಡು ಕೊಟ್ಟವರಿಗೆ ಮಾತ್ರ ಬಾಗಿಲೋ?" ಎಂದು ಕೇಳಿದರಂತೆ. ಅದಕ್ಕವಳು ಕ್ಯಾಲೆಂಡರು ತೋರಿಸಿದಳೋ ಇಲ್ಲವೋ, ಕೇಳಿಲ್ಲ.

2025ರ ಫೆಬ್ರವರಿಯಲ್ಲಿ ಕಾಫಿ ಕುಯ್ಲು ಮುಗಿಸಿ, ಮಗಳನ್ನು ಅಜ್ಜಿಯ ಹತ್ತಿರ ಕೂರಿಸಿ, ಗಂಡಹೆಂಡತಿ ನಮ್ಮಲ್ಲಿಗೆ ನಾಲ್ಕು ದಿನಕ್ಕೆ ಬಂದರು. ಮೂರು ದಿನವೂ ಬೆಳಿಗ್ಗೆ ಬೆಣ್ಣೆದೋಸೆಯೇ ಬೇಕೆಂದು ಹಟ ಹಿಡಿದಳು. ನಾಲ್ಕನೆಯ ದಿನ ನಾನು ಏಳುವ ಮುಂಚೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿಸಿತು. ಹೋಗಿ ಕೈಹಿಡಿದು ಎಳೆತಂದು ಮತ್ತೆ ಹಾಸಿಗೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ಬಂದೆ. ಎಂಟೂವರೆಯವರೆಗೆ ಮಲಗಿದ್ದಳು.