ಮಡಕೆ ಸೋರಿದರೆ ತಂಪು, ಕಾರು ಸೋರಿದರೆ ಸೆಕೆ

ಮೈಲಾರದಲ್ಲಿ ಕಾರ್ಣಿಕ ನುಡಿದಾಯಿತು, ಕೊಟ್ಟೂರೇಶ್ವರನ ತೇರು ಎಳೆದಾಯಿತು ಎಂದರೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಜನರಿಗೆ ಬೇರೆ ಪಂಚಾಂಗ ಬೇಕಿಲ್ಲ. ಇನ್ನು ಬಿಸಿಲೇ ಬಿಸಿಲು. ಮನೆಯ ಮೂಲೆಯಲ್ಲಿ ಹಸಿ ಮರಳಿನ ಮೇಲೆ ಮಣ್ಣಿನ ಮಡಕೆ ಬಂದು ಕೂರುತ್ತದೆ. ಅದೇ ಹೊತ್ತಿಗೆ ಮದುವೆಯ ಹಂಗಾಮೂ ಶುರು. ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದ ಹಳೆಯ ಕಾರುಗಳು ಹೊರಬರುತ್ತವೆ. ಚಾಲಕ ಎ.ಸಿ. ಗುಂಡಿ ಒತ್ತುತ್ತಾನೆ, ಬರುವುದು ಬಿಸಿಗಾಳಿ. ‘ಗ್ಯಾಸ್ ಮುಗಿದಿದೆ, ತುಂಬಿಸಿದರಾಯಿತು’ ಎಂದು ಕಾರು ಗ್ಯಾರೇಜಿನ ದಾರಿ ಹಿಡಿಯುತ್ತದೆ. ಕಳೆದ ವರ್ಷವೂ ಹಾಗೆಯೇ ಆಗಿತ್ತು. ಮುಂದಿನ ವರ್ಷವೂ ಹಾಗೆಯೇ ಆಗಲಿದೆ.

ಈ ವಾರ್ಷಿಕ ವಿಧಿಯ ಬುಡದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎ.ಸಿ.ಯ ಅನಿಲವು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಒಮ್ಮೆ ತುಂಬಿದ ಅನಿಲವೇ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕೆರೆಯ ಏರಿಯಲ್ಲಿ ಬೊಂಗೆ ಬಿದ್ದಾಗ ಅದನ್ನು ಮುಚ್ಚದೆ ಕಾಲುವೆಯಿಂದ ನೀರು ಹಾಯಿಸುತ್ತಾ ಕೂರುವವರನ್ನು ಊರು ನೋಡಿ ನಗುತ್ತದೆ. ಕಾರಿನ ವಿಷಯದಲ್ಲಿ ಮಾತ್ರ ಅದನ್ನೇ ಎಲ್ಲರೂ ಮಾಡುತ್ತಾರೆ.

ಒಂದೇ ತತ್ವ, ಎರಡು ದಾರಿ

ಮಡಕೆಯ ತಂಪಿಗೂ ಕಾರಿನ ತಂಪಿಗೂ ಮೂಲ ಒಂದೇ: ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅಷ್ಟು ಶಾಖ ಒಳಗಿನ ನೀರಿನಿಂದಲೇ ಹೋದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಒಂದು ಡಿಗ್ರಿ ತಣ್ಣಗಾದೀತು. ಹೊಸ ಮಡಕೆ ಚೆನ್ನಾಗಿ ತಣಿಸುವುದೂ, ರಂಧ್ರಗಳಲ್ಲಿ ಪಾಚಿ ಕಟ್ಟಿದ ಹಳೆಯ ಮಡಕೆ ತಣಿಸದಿರುವುದೂ ಇದಕ್ಕೇ.

ಕಾರಿನಲ್ಲಿ ನೀರಿನ ಬದಲು ಶೀತಕ ಅನಿಲವಿದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಎಂಬ ಡಬ್ಬಿಯಲ್ಲಿ ತೇವ ಕಳೆದುಕೊಂಡು, ಕಿರಿದಾದ ವಾಲ್ವಿನಿಂದ ನುಗ್ಗಿ, ಡ್ಯಾಶ್‌ಬೋರ್ಡಿನೊಳಗಿನ ಇವ್ಯಾಪೊರೇಟರಿನಲ್ಲಿ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಕಾರಿನೊಳಗಿನ ಗಾಳಿಯಿಂದ ಶಾಖ ಹೀರುತ್ತದೆ. ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಮಡಕೆ ತಂಪಾಗುವುದು ಸೋರುವುದರಿಂದ. ಈ ಯಂತ್ರ ತಂಪು ಮಾಡುವುದು ಸೋರದೆ ಇದ್ದರೆ ಮಾತ್ರ.

ಹಾಗಾದರೆ ಮನೆಯ ಫ್ರಿಜ್ ಹದಿನೈದು ವರ್ಷ ನಡೆದರೂ ಅನಿಲ ಬೇಡದಿರುವಾಗ ಕಾರಿಗೇಕೆ ಈ ಗೋಳು? ಫ್ರಿಜ್ಜಿನ ಮೋಟಾರು, ಕಂಪ್ರೆಸರ್ ಎರಡೂ ಒಂದೇ ಉಕ್ಕಿನ ಡಬ್ಬಿಯಲ್ಲಿ ಬೆಸುಗೆಯೊಳಗೆ ಭದ್ರ. ಕಾರಿನ ಕಂಪ್ರೆಸರಿಗೆ ಶಕ್ತಿ ಬರುವುದು ಹೊರಗಿನ ಬೆಲ್ಟಿನಿಂದ. ಆದ್ದರಿಂದ ಅದರ ದಂಡ ಹೊರಗೆ ಚಾಚಲೇಬೇಕು, ಅಲ್ಲೊಂದು ಸೀಲು ಕೂರಲೇಬೇಕು. ಎಂಜಿನ್ ನಡುಗುವುದರಿಂದ ಕೊಳವೆಗಳಲ್ಲಿ ಕೆಲವು ರಬ್ಬರಿನವಾಗಿರಬೇಕು. ಕೀಲುಗಳಲ್ಲಿ ರಬ್ಬರಿನ ಉಂಗುರಗಳಿರುತ್ತವೆ. ರಬ್ಬರು ಎಂಜಿನ್ನಿನ ಕಾವಿಗೆ ವರ್ಷ ಕಳೆದಂತೆ ಗಡುಸಾಗುತ್ತದೆ, ಬಿರಿಯುತ್ತದೆ.

ಒಬ್ಬ ರಸಾಯನಶಾಸ್ತ್ರಜ್ಞನ ಮೇಣದಬತ್ತಿ

ಸೋರಿದರೆ ಸೋರಲಿ ಎಂಬ ಉದಾಸೀನಕ್ಕೂ ಒಂದು ಇತಿಹಾಸವಿದೆ. ಹಿಂದೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಗಂಧಕದ ಡೈ ಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳಂಥ ವಿಷಾನಿಲಗಳಿದ್ದವು. ಅವು ಸೋರಿದರೆ ಜೀವಕ್ಕೇ ಕುತ್ತು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ವಿಷವಲ್ಲದ, ಉರಿಯದ ಅನಿಲವೊಂದನ್ನು ರೂಪಿಸಿದರು. 1930ರಲ್ಲಿ ಮಿಜ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅದನ್ನು ಉಸಿರಿಗೆ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ಫ್ರಿಯಾನ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಬ್ಬಿದ ಆರ್-12 ಇದೇ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎ.ಸಿ. ಜೋಡಿಸಿತು. ಸೋರಿದ ಅನಿಲದಿಂದ ಯಾರಿಗೂ ಕೆಮ್ಮು ಬರಲಿಲ್ಲ, ಆದ್ದರಿಂದ ಯಾರೂ ಲೆಕ್ಕ ಇಡಲಿಲ್ಲ.

ಲೆಕ್ಕ ಇಟ್ಟದ್ದು ಆಕಾಶ. ಆರ್-12 ವಾತಾವರಣದಲ್ಲಿ ಸುಮಾರು 100 ವರ್ಷ ಉಳಿಯುತ್ತದೆ, ಮೇಲೇರಿ ಓಜೋನ್ ಪದರವನ್ನು ಕೊರೆಯುತ್ತದೆ. ಈ ಅಪಾಯವನ್ನು 1974ರಲ್ಲಿ ಮೊಲೀನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು ಮುಂದಾಗಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ರಂಧ್ರ ಕಂಡಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. 2000ದಲ್ಲಿ ಓಜೋನ್ ನಾಶಕಗಳ ನಿಯಂತ್ರಣಕ್ಕೆ ನಿಯಮಗಳು ಬಂದವು, 2008ರ ಆಗಸ್ಟ್‌ನಲ್ಲಿ ದೇಶದಲ್ಲಿ ಈ ಜಾತಿಯ ಅನಿಲಗಳ ಉತ್ಪಾದನೆ ನಿಂತಿತು. ಉಸಿರಾಟದ ಔಷಧಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇತ್ತು. ಕಾರುಗಳಿಗೆ ಆರ್-134ಎ ಬಂದಿತು.

ಹೊಸ ಅನಿಲ ಓಜೋನಿಗೆ ನಿರುಪದ್ರವಿ. ಭೂಮಿಯ ಬಿಸಿ ಏರಿಸುವುದರಲ್ಲಿ ಮಾತ್ರ ಅದೇನೂ ಸಾಧುವಲ್ಲ. ತೂಕಕ್ಕೆ ತೂಕ ಹೋಲಿಸಿದರೆ, 100 ವರ್ಷಗಳ ಲೆಕ್ಕದಲ್ಲಿ ಅದರ ಪ್ರಭಾವ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 1,430 ಪಟ್ಟು. ಅರ್ಧ ಕಿಲೋ ಸೋರಿ ಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಉರಿಸಿದಷ್ಟೇ ಹೊರೆ. ಈ ಅನಿಲಗಳನ್ನೂ ಹಂತಹಂತವಾಗಿ ತಗ್ಗಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಧೂಳು ಕೊಡುವ ಸಾಕ್ಷ್ಯ

ಇನ್ನು ಸೋರಿಕೆಯ ಬೇಟೆಗೆ ಬರೋಣ. ಮೊದಲು ಕೇಳಬೇಕಾದ ಪ್ರಶ್ನೆ: ನಿಜವಾಗಿ ಸೋರಿದೆಯೇ? ಕಂಡೆನ್ಸರಿನ ಕಣ್ಣುಗಳಲ್ಲಿ ಮಣ್ಣು, ಹೊಟ್ಟು, ಹತ್ತಿಯ ಎಳೆ ಕಟ್ಟಿಕೊಂಡಿದ್ದರೂ, ಮುಂದಿನ ಫ್ಯಾನು ನಿಂತಿದ್ದರೂ, ಬೆಲ್ಟು ಸಡಿಲವಾಗಿದ್ದರೂ ತಂಪು ಬಾರದು. ನಿಂತ ಕಾರಿಗೆ ಗೇಜು ಹಚ್ಚಿ ‘ಪ್ರೆಷರ್ ಇದೆ, ಅನಿಲ ಸಾಕಷ್ಟಿದೆ’ ಎನ್ನುವುದೂ ಸರಿಯಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೆ ಗೇಜಿನ ಮುಳ್ಳು ಅಂದಿನ ಬಿಸಿಲಿಗೆ ತಕ್ಕಷ್ಟೇ ನಿಲ್ಲುತ್ತದೆ. ನೂರು ಗ್ರಾಂ ಇದ್ದರೂ ಅಷ್ಟೇ, ಐನೂರು ಗ್ರಾಂ ಇದ್ದರೂ ಅಷ್ಟೇ. ಅಡುಗೆ ಅನಿಲದ ಸಿಲಿಂಡರನ್ನು ತೂಗಿ ನೋಡುವಂತೆ ಇದನ್ನೂ ಯಂತ್ರದಿಂದ ಹೊರತೆಗೆದು ತೂಗಿದರೆ ಮಾತ್ರ ಸತ್ಯ ತಿಳಿಯುತ್ತದೆ.

ಎರಡನೆಯ ಉಪಕರಣ ಕಣ್ಣು. ಅನಿಲದ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ. ಎಲ್ಲಿ ಅನಿಲ ಸೋರುತ್ತದೋ ಅಲ್ಲಿ ಸಾಮಾನ್ಯವಾಗಿ ಎಣ್ಣೆಯೂ ಒಸರುತ್ತದೆ. ಎರೆ ಮಣ್ಣಿನ, ಮಸಾರಿ ಮಣ್ಣಿನ ಈ ತಾಲ್ಲೂಕುಗಳಲ್ಲಿ ಧೂಳಿಗೇನು ಬರವೇ? ಆ ಎಣ್ಣೆಗೆ ಧೂಳು ಮೆತ್ತಿ ಕಪ್ಪು ಮಚ್ಚೆಯಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಮುನ್ನ ಎಂಜಿನ್ ತೊಳೆಸಿಕೊಂಡು ಬರುವವನು ಸಾಕ್ಷ್ಯವನ್ನೇ ಅಳಿಸಿ ಬಂದಂತೆ. ಕಲ್ಲು ಸಿಡಿಯುವ ರಸ್ತೆಯಲ್ಲಿ ಓಡಿದ ಕಾರಾದರೆ ಕಂಡೆನ್ಸರಿನ ಮುಖವನ್ನು ಮೊದಲು ನೋಡಬೇಕು.

ಮೂರನೆಯದು ಸಾಬೂನಿನ ನೊರೆ. ಸೈಕಲ್ ಷಾಪಿನವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುವ ವಿದ್ಯೆಯೇ ಇದು. ಅನಿಲ ಪೂರ್ತಿ ಹೋಗಿದ್ದರೆ ಒಣ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು ನೊರೆ ಹಚ್ಚುತ್ತಾರೆ. ಆಮ್ಲಜನಕವನ್ನು ಮಾತ್ರ ತುಂಬಲೇಬಾರದು. ಒಳಗಿನ ಎಣ್ಣೆಯೊಡನೆ ಸೇರಿ ಅದು ಸಿಡಿಯಬಲ್ಲದು.

ಆರ್-12ರ ಕಾಲದಲ್ಲಿ ಹ್ಯಾಲೈಡ್ ದೀಪವಿತ್ತು. ಸೋರಿದ ಅನಿಲ ಕಾದ ತಾಮ್ರವನ್ನು ಸೋಕಿದರೆ ಜ್ವಾಲೆ ಹಸಿರಾಗುತ್ತಿತ್ತು. ಹಸಿರಿಗೆ ಕಾರಣ ಕ್ಲೋರಿನ್. ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ದೀಪವೂ ನಿರುದ್ಯೋಗಿಯಾಯಿತು. ಆ ಸ್ಥಾನಕ್ಕೆ ವಾಸನೆ ಹಿಡಿಯುವ ಎಲೆಕ್ಟ್ರಾನಿಕ್ ಸಾಧನ ಬಂದಿದೆ. ಅನಿಲ ಗಾಳಿಗಿಂತ ಭಾರ, ಆದ್ದರಿಂದ ಅದನ್ನು ಕೊಳವೆಯ ಕೆಳಬದಿಯಲ್ಲಿ, ಗಾಳಿ ಬೀಸದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ನಿಧಾನವಾಗಿ ಸರಿಸಬೇಕು. ಡ್ಯಾಶ್‌ಬೋರ್ಡಿನೊಳಗೆ ಅವಿತ ಇವ್ಯಾಪೊರೇಟರ್ ಸೋರುತ್ತಿದೆಯೇ ಎಂದು ತಿಳಿಯಲು ಅದರ ನೀರು ಹೊರಹೋಗುವ ಕೊಳವೆಯ ಬಾಯಲ್ಲಿ ಹಿಡಿದರಾಯಿತು. ಇದಕ್ಕೂ ಸಿಗದ ಸಣ್ಣ ಸೋರಿಕೆಗೆ ಬಣ್ಣದ ಉಪಾಯವಿದೆ. ಎಣ್ಣೆಗೆ ಬಣ್ಣ ಬೆರೆಸಿ ಕೆಲವು ದಿನ ಕಾರು ಓಡಿಸಿ, ಅತಿನೇರಳೆ ದೀಪ ಹಿಡಿದರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಕಳ್ಳ ಸಿಗುವುದು ಕೆಲವೊಮ್ಮೆ ಅನಿಲ ತುಂಬುವ ಬಾಯಿಯ ಸಣ್ಣ ವಾಲ್ವಿನಲ್ಲಿ. ಅದರ ಮುಚ್ಚಳ ಎಂದೋ ಕಳೆದುಹೋಗಿರುತ್ತದೆ.

ತುಂಬುವ ಮುನ್ನ

ಸೋರಿಕೆ ಮುಚ್ಚಿದ ಕೂಡಲೇ ಅನಿಲ ತುಂಬುವಂತಿಲ್ಲ. ರಂಧ್ರದಿಂದ ಅನಿಲ ಹೊರಗೆ ಹೋಗುವುದಷ್ಟೇ ಅಲ್ಲ, ವ್ಯವಸ್ಥೆ ಬರಿದಾದಾಗ ತೇವ ಒಳಗೂ ಬರುತ್ತದೆ. ತೇವ ಅನಿಲದೊಡನೆ, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಡ್ರೈಯರ್ ಬದಲಿಸಿ, ಪಂಪಿನಿಂದ ನಿರ್ವಾತ ಮಾಡಿ ತೇವ ಎಳೆದು, ಕಳೆದ ಎಣ್ಣೆಯನ್ನು ಅಳೆದು ಹಾಕಿ, ನಂತರ ಅನಿಲವನ್ನು ತೂಗಿಯೇ ತುಂಬಬೇಕು. ಆರ್-12 ಕಾಲದ ಕಾರಿಗೆ ಆರ್-134ಎ ಹಾಕುವುದಾದರೆ ಹಳೆಯ ಎಣ್ಣೆ ತೆಗೆದು ಹೊಸ ಅನಿಲಕ್ಕೆ ಹೊಂದುವ ಎಣ್ಣೆ ಹಾಕಬೇಕು, ರಬ್ಬರ್ ಉಂಗುರಗಳನ್ನೂ ಬದಲಿಸುವುದು ಒಳಿತು. ಅಗ್ಗವೆಂದು ಅಡುಗೆ ಅನಿಲ ತುಂಬುವುದು ಕಾರಿನೊಳಗೆ ಬೆಂಕಿಯನ್ನು ಕೂರಿಸಿಕೊಂಡಂತೆ.

ಇಷ್ಟು ಮಾಡಲು ಒಂದು ದಿನ ಬೇಕು, ತುಂಬಿ ಕಳಿಸಲು ಅರ್ಧ ಗಂಟೆ ಸಾಕು. ನಾಳೆ ಬೆಳಗ್ಗೆ ಹಗರಿಬೊಮ್ಮನಹಳ್ಳಿಯಿಂದ ದಿಬ್ಬಣ ಹೊರಡಬೇಕಾದ ಬಾಡಿಗೆ ಕಾರಿನವನಿಗೆ ಅರ್ಧ ಗಂಟೆಯೇ ಪ್ರಿಯವಾಗುವುದು ಸಹಜ. ಆದರೆ ಪ್ರತಿ ಸೋರಿಕೆಯಲ್ಲೂ ಎಣ್ಣೆ ಕಳೆದುಕೊಳ್ಳುವ ಕಂಪ್ರೆಸರ್ ಒಂದು ದಿನ ಒಣಗಿ ಬಿಗಿದುಕೊಳ್ಳುತ್ತದೆ. ಅಂದು ಆಗುವ ಖರ್ಚಿನ ಮುಂದೆ ವರ್ಷವರ್ಷ ಉಳಿಸಿದ್ದು ಲೆಕ್ಕಕ್ಕೆ ಬಾರದು. ಮದುವೆ ಹಂಗಾಮಿನ ಆ ದಿನದ ಬಾಡಿಗೆಯೂ ಹೋಗುತ್ತದೆ.

ಹೊಸ ಸೋರಿಕೆ ತಡೆಯಲು ಖರ್ಚಿಲ್ಲದ ಉಪಾಯವೊಂದಿದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಎಣ್ಣೆ ಸೀಲಿಗೆ ತಲುಪಿ ಅದು ಒಣಗದಂತೆ ಉಳಿಯುತ್ತದೆ. ತೇರಿಗೂ ಮದುವೆಗೂ ಮಾತ್ರ ಎಚ್ಚರಗೊಳ್ಳುವ ಕಾರೇ ಹೆಚ್ಚು ಸೋರುವುದು.

ಓಜೋನ್ ಪದರ ಮತ್ತೆ ಕೂಡಿಕೊಳ್ಳುತ್ತಿದೆ. ಅಂಟಾರ್ಕ್ಟಿಕಾದ ಮೇಲೆ ಅದು 1980ರ ಸ್ಥಿತಿಗೆ ಮರಳಲು 2066ರ ಸುಮಾರಾಗಬಹುದು ಎಂಬುದು 2022ರಲ್ಲಿ ವಿಜ್ಞಾನಿಗಳು ಮಾಡಿದ ಅಂದಾಜು. ಜಗತ್ತು ಆಕಾಶದ ತೂತನ್ನು ಹುಡುಕಿ, ಕಾರಣ ತಿಳಿದು, ಮುಚ್ಚಲು ಹೊರಟಿತು. ಶೆಡ್ಡಿನಲ್ಲಿ ನಿಂತ ಕಾರಿನ ತೂತು ಅಷ್ಟೇನೂ ದೂರದಲ್ಲಿಲ್ಲ. ಈ ಬೇಸಿಗೆ ‘ಗ್ಯಾಸ್ ತುಂಬಿ’ ಎನ್ನುವ ಮೊದಲು ‘ಎಲ್ಲಿ ಸೋರುತ್ತಿದೆ ನೋಡಿ’ ಎಂದರೆ ಅರ್ಧ ಕೆಲಸ ಮುಗಿದಂತೆ.